ಪ್ರಿನ್ಸಿಪಾಲರ ಕೋಣೆಯ ಕೂಸುಗಳು

ಹೆಣ್ಣುಮಕ್ಕಳ ಕಾಲೇಜಿನಲ್ಲಿ ಕಸ ಗುಡಿಸುವವಳಿಗೆ ಕೂಸಮ್ಮ ಎಂದು ಹೆಸರಿಟ್ಟವರು ಅಲ್ಲಿ ಓದುವವರೇ. ಸೊಸೆ ಅಲ್ಲೇ ಓದಿಗೆ ಸೇರಿದಾಗ ಅವಳು ಮೊಮ್ಮಗನನ್ನು ಸೊಂಟದ ಮೇಲೆ ಹೊತ್ತು ಕೆಲಸಕ್ಕೆ ಬಂದಳು. ಮದುವೆಯಾಗಿ ಓದುವ ಬೇರೆಯವರೂ ತಮ್ಮ ಕೂಸುಗಳನ್ನು ಅವಳ ಮಡಿಲಿಗೆ ಹಾಕಿದರು. ಸಾಮಾನು ಕೋಣೆಯಲ್ಲಿ ಚಾಪೆ ಬಿತ್ತು. ಪ್ರಿನ್ಸಿಪಾಲರು ಕಂಡೂ ಕಾಣದಂತಿದ್ದರು.

ಆ ವರ್ಷ ಕಾಲೇಜುಗಳನ್ನು ಅಳೆದು ದರ್ಜೆ ಕೊಡುವ ತಂಡ ಬಂತು. ದರ್ಜೆ ಬಿದ್ದರೆ ಬೀಗವೇ ಗತಿ. ಸೊಸೆಗೆ ಅದು ಕೊನೆಯ ವರ್ಷ, ನಡುನೀರಿನಲ್ಲಿ ಕೈಬಿಟ್ಟಂತಾಗುತ್ತಿತ್ತು.

ಬೆಳಿಗ್ಗೆ ಪ್ರಿನ್ಸಿಪಾಲರ ಕೋಣೆಯಲ್ಲಿ ತಂಡದ ಹಿರಿಯ ಮೇಡಂ ಹುಬ್ಬು ಗಂಟಿಕ್ಕಿದರು. "ಬೇರೆ ಕಡೆ ಮದುವೆಯಾದೋರು ಓದು ಅರ್ಧಕ್ಕೇ ಬಿಡ್ತಾರೆ. ನಿಮ್ಮಲ್ಲಿ ಮಾತ್ರ ಎಲ್ರೂ ಮುಗಿಸ್ತಾರಾ? ನಂಬೋ ಹಾಗಿಲ್ವಲ್ಲ ಸಾರ್!"

ಲೋಟ ಎತ್ತಲು ಬಂದಿದ್ದ ಕೂಸಮ್ಮ ಇದನ್ನು ಕೇಳಿಸಿಕೊಂಡಳು. ಲೆಕ್ಕವೇನೋ ನಿಜ. ಆದರೆ ಕಾಲೇಜಿನೊಳಗೆ ಕೂಸು ಸಾಕುತ್ತೇವೆಂದರೆ ಇನ್ನೆಷ್ಟು ಅಂಕ ಕಳೆಯುತ್ತಾರೋ!

ತಂಡ ತರಗತಿಗಳತ್ತ ಹೊರಟೊಡನೆ ಪ್ರಿನ್ಸಿಪಾಲರು ಪಿಸುಗುಟ್ಟಿದರು: "ಸಾಮಾನು ಕೋಣೇನೂ ನೋಡ್ತಾರಂತೆ. ಮಕ್ಕಳನ್ನ ನನ್ನ ಕೋಣೆಗೇ ತಂದ್ಹಾಕು ತಾಯಿ. ನೋಡಿದ ಕೋಣೆಗೆ ಯಾರು ಮತ್ತೆ ಬರ್ತಾರೆ?"

ಬಂದರು. ಮೇಡಂ ಕನ್ನಡಕ ಮರೆತಿದ್ದರು. ಬಾಗಿಲು ತಳ್ಳಿದರೆ ರತ್ನಗಂಬಳಿಯ ಮೇಲೆ ನಾಲ್ಕು ಕೂಸು! ಒಂದು ಉಚ್ಚೆ ಹೊಯ್ದು ಅದರಲ್ಲೇ ಕೈ ಬಡಿಯುತ್ತಿತ್ತು. ಅವುಗಳಲ್ಲಿ ದೊಡ್ಡವನಾದ ಕೂಸಮ್ಮನ ಮೊಮ್ಮಗ ಕನ್ನಡಕದ ಕಾಲು ಚೀಪುತ್ತಿದ್ದ.

"ಯಾರ ಮಕ್ಕಳಮ್ಮ ಇವು?"

ಸುಳ್ಳಿಗೆ ಕೂಸಮ್ಮನ ನಾಲಿಗೆ ಹೊರಳಲಿಲ್ಲ. "ಓದೋರವು, ತಾಯಿ. ಹಸಿದ್ರೆ ಕರೀತೀನಿ, ಹಾಲು ಕುಡಿಸಿ ಕ್ಲಾಸಿಗೆ ಹೋಗ್ತಾರೆ. ತಪ್ಪೆಲ್ಲಾ ನಂದೇ, ಕಾಲೇಜಿಗೇನೂ ಮಾಡ್ಬೇಡಿ."

"ದಿನಾನೂ ಹೀಗೇನಾ?"

"ದಿನಾನೂ."

ಮೇಡಂ ಕೂಸಿನ ಬಾಯಿಂದ ಕನ್ನಡಕ ಬಿಡಿಸಿಕೊಂಡು ಅಲ್ಲೇ ನೆಲಕ್ಕೆ ಕುಕ್ಕರಿಸಿದರು. "ಸರಿಹೋಯ್ತು! ಎಲ್ರೂ ಓದು ಮುಗಿಸೋ ಗುಟ್ಟು ಇದಾ! ನಾನಿಲ್ಲಿ ಕಳ್ಳಲೆಕ್ಕ ಅಂತ ತಲೆ ಕೆಡಿಸ್ಕೊಂಡಿದ್ದೀನಿ."

ಏದುಸಿರು ಬಿಡುತ್ತ ಬಂದ ಪ್ರಿನ್ಸಿಪಾಲರು ಬಾಗಿಲಲ್ಲೇ ಕಂಬವಾದರು.

"ಅಲ್ಲಾ ಸಾರ್, ತೋರಿಸ್ಬೇಕಾದ್ದನ್ನೇ ಬಚ್ಚಿಟ್ಟಿದ್ದೀರಲ್ಲ!"

"ಬೈತೀರೇನೋ ಅಂತ, ಮೇಡಂ..."

"ಬೈತೀನಿ. ಈ ಕೂಸುಗಳಿಗೊಂದು ಗಾಳಿ ಬರೋ ಕೋಣೆ ಕೊಟ್ಟಿಲ್ವಲ್ಲ, ಅದಕ್ಕೆ."

ಮಧ್ಯಾಹ್ನ ತಂಡ ತಾಯಂದಿರನ್ನೆಲ್ಲ ಕೂರಿಸಿಕೊಂಡು ಮಾತಾಡಿಸಿತು. ತಿಂಗಳ ಮೇಲೆ ದರ್ಜೆ ಬಂತು. ಸೋರುವ ಸೂರಿಗೂ ಹಳೆಯ ಪುಸ್ತಕಗಳಿಗೂ ಅಂಕ ಕಳೆದಿದ್ದರು, ಆದರೆ ಕಾಲೇಜು ಉಳಿಯಿತು.

ಸುದ್ದಿ ಕೇಳಿ ಕೂಸಮ್ಮ ಗೋಡೆಗೊರಗಿ ಕಾಲು ನೀಡಿ ಕೂತಳು.

"ಅತ್ತೆ, ಅಳ್ತಿದೀರಾ?"

"ಅಳೋದ್ಯಾಕೆ? ಹಿಡಿದಿಟ್ಟಿದ್ದ ಉಸಿರು ಕಣೇ, ಈಗ ಬಿಡ್ತಿದೀನಿ. ನೀನು ಹೋಗಿ ಓದ್ಕೋ, ಹೋಗು."