ಬೈಸಿಕೊಳ್ಳಲು ಬಂದ ಫಾರಿನರ್

ಭಾಂಡುಪ್‌ನ ನಮ್ಮ ಚಾಳಿನಲ್ಲಿ ಒಬ್ಬ ಫಾರಿನರ್ ಬಾಡಿಗೆಗಿದ್ದ. ಏನು ಮಾಡುವ ಮೊದಲೂ "ಚಲೇಗಾ?", ಅಂದರೆ ನಡೆಯುತ್ತಾ, ಅಂತ ಕೇಳುತ್ತಿದ್ದ. ನಲ್ಲಿಗೆ ಕೊಡ ಇಡುವಾಗಲೂ "ಚಲೇಗಾ?"

ಗಣೇಶ ಚೌತಿಯ ಸಂಜೆ ಅವನು ಚಂದ್ರನನ್ನು ನೋಡಿಬಿಟ್ಟ. ಅವತ್ತು ನೋಡಿದವರ ಮೇಲೆ ಕಳ್ಳತನದ ಆರೋಪ ಬರುತ್ತದೆ, ಯಾರಿಂದಲಾದರೂ ಬೈಸಿಕೊಂಡರೆ ದೋಷ ಹೋಗುತ್ತದೆ ಅಂತ ನಾನೇ ಹೇಳಿದೆ. ಅವನು ಬೆವತುಬಿಟ್ಟ. ಮರುದಿನ ವೀಸಾ ಕೆಲಸಕ್ಕೆ ಪೊಲೀಸರ ಹತ್ತಿರ ಹೋಗಬೇಕಿತ್ತು.

ಆದರೆ ಅವನನ್ನು ಬೈಯುವವರು ಯಾರು? ಎಲ್ಲರಿಗೂ ಅವನು ಸಾಹೇಬ. ಕೊನೆಗೆ, ದಿನಾ ಇಡೀ ಚಾಳನ್ನು ಬೈಯುವ ವಿಜಾಪುರದ ಕಾಕುವಿನ ಮನೆಯ ತಗಡಿನ ಮಾಡಿನ ಮೇಲೆ ಕಲ್ಲು ಎಸೆದ. ಕಾಕು ಕಸಬರಿಗೆ ಹಿಡಿದು ಹೊರಗೆ ಬಂದಳು.

"ಸಾಹೇಬ್ರ, ನೀವೇನ್ರಿ? ಬರ್ರಿ, ಕಡಬು ತಿನ್ನಾಕ ಬರ್ರಿ."

ಆಮೇಲೆ ಪಕ್ಕದಲ್ಲಿದ್ದ ನನ್ನ ಕಡೆ ತಿರುಗಿದಳು. "ನೀನಽ ಕಲಿಸಿರ್ಬೇಕಲೇ, ಹಲ್ಕಟ್!"

ನಾನು ಚಂದ್ರನನ್ನು ನೋಡಿಯೇ ಇರಲಿಲ್ಲ.

ಅವನು ಸೋತ ಮುಖ ಹೊತ್ತು, ಬೂಟು ಬಿಚ್ಚುವುದನ್ನೂ ಮರೆತು, ಕಾಕುವಿನ ಮನೆಯೊಳಗೆ ನೇರ ಗಣಪತಿಯ ಮುಂದೆ ಹೋಗಿ ನಿಂತ.

"ಏ ಹುಚ್ಚಪ್ಯಾಲಿ! ಬೂಟ್ ಕಳಿಯೋ! ನಿಮ್ಮವ್ವ ಏನೂ ಕಲಿಸಿಲ್ಲೇನು?"

ಅವನ ಮುಖ ಅರಳಿತು. ಗಡಬಡಿಸಿ ಬೂಟು ಬಿಚ್ಚಿ, ಕಾಕುವಿನ ಮುಂದೆ ಕೈಮುಗಿದು ತಲೆ ಬಾಗಿಸಿದ.

"ಕಾಕು, ಔರ್ ಥೋಡಾ!"