ಎಣ್ಣೆ ಹಚ್ಚಿದ ಮರಿಗಳು

ಕುರಿ ಮರಿ ಹಾಕಿದ ಮೇಲೆ ಒಂದು ವಾರ ಆ ಮರಿಗೆ ಬೇರೆ ಯಾವ ವಾಸನೆಯೂ ತಾಗಬಾರದು. ತಾಯಿ ಅದನ್ನು ನೆಕ್ಕಬೇಕು, ಮೂಸಬೇಕು, ಗುರುತಿಟ್ಟುಕೊಳ್ಳಬೇಕು. ನಮ್ಮ ಕೂಡ್ಲಿಗಿ ಕಡೆ ಕುರಿ ಸಾಕುವ ಮನೆಗಳಲ್ಲಿ ಇದು ಯಾರಿಗೆ ಗೊತ್ತಿಲ್ಲ? ನನಗೂ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು ನಾನು. ಕಾಗುಣಿತ ತಪ್ಪಿದರೆ ತಿದ್ದಿಕೊಳ್ಳಿ. ಮಾಡಿದ್ದನ್ನು ಮಾತ್ರ ತಿದ್ದಲು ಬರುವುದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ತಂಗಿ ಹರಪನಹಳ್ಳಿ ಕಡೆಯ ಗಂಡನ ಮನೆ ಬಿಟ್ಟು ಬಂದು ಆರು ತಿಂಗಳಾಗಿತ್ತು. ಬರುವಾಗ ಬೆನ್ನ ತುಂಬ ಬಾಸುಂಡೆ. "ಇಲ್ಲೇ ಇರು, ಯಾರು ಕರದ್ರೂ ಕಳ್ಸಂಗಿಲ್ಲ" ಎಂದಿದ್ದ ಅಪ್ಪ, ಮರಿಗಳನ್ನು ನೋಡಿಕೊಳ್ಳುವ ಕೆಲಸ ಅವಳಿಗೆ ಕೊಟ್ಟಿದ್ದ. ತಾಯಿ ಒಲ್ಲೆನೆಂದ ಮರಿಯ ಬೆನ್ನಿಗೆ ಆ ತಾಯಿಯದೇ ಹಾಲು ಸವರಿ, ಮೂಸಿಸಿ, ಎರಡನ್ನೂ ಮತ್ತೆ ಕೂಡಿಸುವುದರಲ್ಲಿ ಅವಳದು ಪಳಗಿದ ಕೈ.

ಆ ವರ್ಷ ಕುರಿಗಳಿಗೆ ಉಣುಗು ಹತ್ತಿ ರಕ್ತ ಹೀರುತ್ತಿದ್ದವು. ಬೇವಿನೆಣ್ಣೆಗೆ ಸೀಮೆಎಣ್ಣೆ ಬೆರೆಸಿ ದೊಡ್ಡ ಕುರಿಗಳಿಗಷ್ಟೇ ಹಚ್ಚು, ಮರಿಗಳಿಗೆ ವಾರ ಬಿಟ್ಟು ನೋಡೋಣ ಎಂದು ನನಗೆ ಹೇಳಿ ಅಪ್ಪ ಸಂತೆಗೆ ಹೋದ. ತಂಗಿ ಸೊಪ್ಪು ತರಲು ಹೋಗಿದ್ದಳು. ನನಗೆ ಕೊಟ್ಟೂರಿನ ಟೆಂಟ್ ಸಿನಿಮಾದ ಚಿಂತೆ. ವಾರ ಬಿಟ್ಟು ಮತ್ತೆ ಈ ಗಬ್ಬು ಕೆಲಸ ಯಾರು ಮಾಡುತ್ತಾರೆಂದು, ಹಿಂದಿನ ದಿನ ಹುಟ್ಟಿದ ಏಳು ಮರಿಗಳನ್ನೂ ದೊಡ್ಡ ಕುರಿಗಳಿಗೆ ಹಚ್ಚಿದ ಎಣ್ಣೆ ಅರಿವೆಯಿಂದಲೇ ಒರೆಸಿ ಬಸ್ಸು ಹತ್ತಿದೆ.

ಮರುದಿನ ಬಂದಾಗ ತಾಯಿಕುರಿಗಳು ಮರಿಗಳನ್ನು ಗುದ್ದಿ ಗುದ್ದಿ ದೂರ ತಳ್ಳುತ್ತಿದ್ದವು. ತಂಗಿ ಹಾಲು ಸವರಿ ಸವರಿ ಸೋತಿದ್ದಳು.

"ಅಣ್ಣಾ, ಮರಿ ಮೈ ಸೀಮೆಎಣ್ಣಿ ನಾರತೈತಲ್ಲ?"

"ಕೊಟ್ಟಿಗಿ ತುಂಬ ಅದ ನಾತ ಐತಿ. ನಿಂದೊಂದು ದೊಡ್ಡ ಮೂಗು!"

ಅವಳು ನನ್ನನ್ನೇ ನೋಡಿದಳು. ಮತ್ತೆ ಮರಿಗೆ ಹಾಲು ಸವರತೊಡಗಿದಳು.

ಐದು ಮರಿ ಸತ್ತವು. ನಮ್ಮ ಸೋದರತ್ತೆ ಓಣಿಗೆಲ್ಲ ಕೇಳುವಂತೆ ಕೂಗಿದಳು: "ಗಂಡನ್ನ ಬಿಟ್ಟು ಬಂದಾಕಿ ಕೈಗೆ ಮರಿ ಕೊಟ್ರ ಇನ್ನೇನಾಗ್ತೈತಿ? ಕುರಿನೂ ಮರಿ ಬಿಡಾಕ ಕಲತ್ವು ನೋಡ್ರಿ!" ಓಣಿ ಹೌದೆಂದಿತು. ಅಪ್ಪನೂ ಹೌದೆಂದ. ಎಂಟು ದಿನಕ್ಕೆ ಅವಳನ್ನು ಗಂಡನ ಮನೆಗೆ ತಿರುಗಿ ಕಳಿಸಿದರು. ಬಸ್ಸಿನವರೆಗೆ ಬಂಡಿ ಹೊಡೆದವನು ನಾನು.

ಮೂರ್ನಾಲ್ಕು ವರ್ಷದ ಮೇಲೆ ದನದ ಆಸ್ಪತ್ರೆಯ ಡಾಕ್ಟರು ನನಗೆ ಒಂದು ಸಂಗತಿ ಹೇಳಿದರು. ತಿಳಿದಷ್ಟು ಬರೆಯುತ್ತೇನೆ. ಕುರಿಯ ಮೆದುಳಿನಲ್ಲಿ ಕೆಲವು ಜೀವಕೋಶಗಳು ವಾಸನೆಯ ಸುದ್ದಿಯನ್ನು ಮುಂದಕ್ಕೆ ಕಳಿಸುತ್ತವಂತೆ. ಇನ್ನು ಕೆಲವಕ್ಕೆ, ಅವುಗಳನ್ನು ಸುಮ್ಮನಾಗಿಸುವುದೇ ಕೆಲಸವಂತೆ. ಎಲ್ಲ ಮರಿಗಳ ವಾಸನೆಯೂ ಹೆಚ್ಚುಕಡಿಮೆ ಒಂದೇ. ಎಲ್ಲ ಕೋಶಗಳೂ ಒಟ್ಟಿಗೆ ಕೂಗಿದರೆ ಬರೀ ಗದ್ದಲ. ಸುಮ್ಮನಾಗಿಸುವವು ಆ ಗದ್ದಲ ಅಡಗಿಸಿದರೆ ತನ್ನ ಮರಿಯದು ಬೇರೆಯಾಗಿ ಎದ್ದು ನಿಲ್ಲುತ್ತದೆ. ಹೆತ್ತ ಹೊತ್ತಿನಲ್ಲೇ ತಾಯಿ ಅದನ್ನು ಕಲಿಯುವುದು.

"ಸೀಮೆಎಣ್ಣಿ ಹಚ್ಚಿದ್ರ, ಸಾರ್?"

"ಹಸಿ ಮರಿಗಾ? ಯಾವ ಬೇಕೂಫ್ ಹಚ್ತಾನಪ್ಪ!" ಎಂದು ನಕ್ಕರು.

ಕುರಿಯ ತಲೆಯಲ್ಲೂ ಗದ್ದಲ ಅಡಗಿಸುವುದೊಂದಿದೆ. ನಮ್ಮ ಮನೆಯಲ್ಲಿ ಅತ್ತೆಗೆ ಸುಮ್ಮನಿರು ಎನ್ನುವ ಒಬ್ಬನೂ ಇರಲಿಲ್ಲ. ಅದು ನನ್ನ ಕೆಲಸವಾಗಿತ್ತು. ಒಂದೇ ಒಂದು ಮಾತು ಸಾಕಿತ್ತು.

ಅಪ್ಪ ಆಗಲೇ ತೀರಿಕೊಂಡಿದ್ದ. ತಂಗಿಯ ಊರಿಗೆ ಹೋದೆ. ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಮುಂಗೈ ಒಂದು ಸೊಟ್ಟಗೆ ಕೂಡಿತ್ತು. ಹೇಗೆ ಮುರಿಯಿತೆಂದು ನಾನು ಕೇಳಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ.

"ನನಗ ಅವತ್ತ ಗೊತ್ತಾಗಿತ್ತು" ಎಂದಳು. "ನಾ ಹೇಳಿದ್ರ ಯಾರು ನಂಬ್ತಿದ್ರು? ನೀನಾಗೇ ಅಪ್ಪನ ಮುಂದ ಹೇಳ್ತಿ ಅಂತ ಬಂಡಿ ಹತ್ತೋತನ ಕಾದೆ. ಬಂಡಿನೂ ನೀನ ಹೊಡದಿ."

ಮೊರ ಕೆಳಗಿಡಲಿಲ್ಲ. ಕುಡಿಯಲು ನೀರು ಬೇಕೇ ಎಂದೂ ಕೇಳಲಿಲ್ಲ.