ನಾಲ್ಕನೇ ಜ್ವರಕ್ಕೆ ಉಳಿದ ಕತೆ

ಉಯ್ಯಂಬಳ್ಳಿ ಕಡೆಯ ನಮ್ಮೂರಿನಲ್ಲಿ ರಾಗಿ ಹೊಲಗಳು ಒಂದೊಂದಾಗಿ ಹಿಪ್ಪುನೇರಳೆ ತೋಟಗಳಾಗುತ್ತಿದ್ದ ಕಾಲವದು. ಯಾರ ಮನೆಗೆ ಹೋದರೂ ರೇಷ್ಮೆ ಹುಳದ್ದೇ ಮಾತು. ಗೂಡಿಗೆ ಒಳ್ಳೆ ರೇಟು ಸಿಕ್ಕಿತೆಂದು ಒಬ್ಬರು ನಾಡಹೆಂಚು ಇಳಿಸಿ ಮಂಗಳೂರು ಹೆಂಚು ಹೊದಿಸಿದರೆ, ಇನ್ನೊಬ್ಬರು ಟೇಪ್ ರೆಕಾರ್ಡರ್ ತಂದು ಬೀದಿಗೆಲ್ಲ ಕೇಳುವ ಹಾಗೆ ಹಾಕುತ್ತಿದ್ದರು. ನಾನು ಆಗ ಆರನೇ ಕ್ಲಾಸು. ಆ ಕಾಲದಿಂದ ನನಗೆ ಉಳಿದಿರುವುದು ಹೆಂಚೂ ಅಲ್ಲ, ಟೇಪ್ ರೆಕಾರ್ಡರೂ ಅಲ್ಲ, ಒಂದು ಹೆದರಿಕೆ. ಅಂಥದ್ದು ಇನ್ನೊಂದು ಸಲ ಸಿಗಲೆಂದು ಇವತ್ತಿಗೂ ಹುಡುಕುತ್ತಿದ್ದೇನೆ, ನಗಬೇಡಿ.

ಹೋದ ತಿಂಗಳು ನನ್ನ ತಂಗಿಯ ಮಗಳು ಮೂರು ದಪ್ಪ ಪುಸ್ತಕ ತಂದುಕೊಟ್ಟು, "ದೊಡ್ಡಮ್ಮ, ಒಬ್ಬರೇ ಇದ್ದಾಗ ಮಾತ್ರ ಇದನ್ನ ಓದಬೇಡಿ" ಎಂದಳು. ಈಗ ಎಲ್ಲರ ಕೈಯಲ್ಲೂ ಇರುವ ಜಾತಿಯವು. ಕರಿ ಕೋಟೆ, ರಕ್ತ ಕುಡಿಯುವ ರಾಜವಂಶ, ಸತ್ತವರ ಸೈನ್ಯ. ಚನ್ನಪಟ್ಟಣದ ನಮ್ಮ ಮನೆಯ ಮಹಡಿಯಲ್ಲಿ ಬೇಕೆಂದೇ ಒಬ್ಬಳೇ ಕೂತು ಓದಿದೆ. ಮೊದಲ ಪುಸ್ತಕದ ಅರ್ಧಕ್ಕೆ ಊರಿಗೆ ಊರೇ ಸತ್ತಿತು. ನಾನು ಎದ್ದು ಹೋಗಿ ಕುಕ್ಕರ್ ಇಟ್ಟು ಬಂದು ಮುಂದುವರಿಸಿದೆ. ಎರಡನೆಯದರಲ್ಲಿ ಪುಟಪುಟಕ್ಕೂ ದೆವ್ವ. ಮೂರನೆಯದು ಮುಗಿಯುವ ಹೊತ್ತಿಗೆ ನನಗೆ ಬಂದದ್ದು ಆಕಳಿಕೆ. "ಇದರಲ್ಲಿ ಹೆದರಬೇಕಾದ್ದು ಯಾವುದೇ ತಾಯಿ?" ಎಂದು ಕೇಳಿದರೆ, "ನಿಮಗೆ ವಯಸ್ಸಾಯ್ತು ದೊಡ್ಡಮ್ಮ" ಎಂದು ನಕ್ಕಳು. ವಯಸ್ಸಾಗಿರುವುದು ನಿಜ. ಆದರೆ ಈ ತಕರಾರು ಶುರುವಾದದ್ದು ನನ್ನ ಹನ್ನೊಂದನೇ ವಯಸ್ಸಿನಲ್ಲಿ, ನಮ್ಮ ಹುಳದ ಮನೆಯಲ್ಲಿ.

ಹುಳ ಸಾಕಿದವರಿಗೆ ಗೊತ್ತು. ಮೊಟ್ಟೆಯೊಡೆದು ಬಂದ ಹುಳ ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತ ಹುಳ ಸೊಪ್ಪು ಮುಟ್ಟುವುದಿಲ್ಲ, ತಲೆಯೆತ್ತಿಕೊಂಡು ಅಲ್ಲಾಡದೆ ಒಂದು ದಿನ ಹಾಗೇ ಕೂತಿರುತ್ತದೆ. ಉಳಿದ ದಿನಗಳಲ್ಲಿ ಹುಳ ಮೇಯುವ ಸದ್ದು ಸೋನೆ ಮಳೆಯ ಹಾಗೆ ಮನೆ ತುಂಬಿರುತ್ತಿತ್ತು. ಜ್ವರದ ದಿನ ಅದು ನಿಂತುಹೋಗುತ್ತಿತ್ತು. ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿರುತ್ತಿದ್ದುದರಿಂದ ಮಟಮಟ ಮಧ್ಯಾಹ್ನದಲ್ಲೂ ಒಳಗೆ ಮಬ್ಬು. ಸುಣ್ಣದ ಪುಡಿ, ಬಾಡಿದ ಸೊಪ್ಪು, ಹಿಕ್ಕೆ, ಎಲ್ಲ ಸೇರಿ ಬೆಚ್ಚಗಿನ ಒಂದು ವಾಸನೆ. ಹುಳಕ್ಕೆ ಘಾಟು ಆಗದೆಂದು ಅಷ್ಟು ದಿನವೂ ಮನೆಯಲ್ಲಿ ಒಗ್ಗರಣೆ ಹಾಕುತ್ತಿರಲಿಲ್ಲ. ಸಪ್ಪೆ ಸಾರಿಗೆ ಮುದ್ದೆ ಮುರಿದು ನುಂಗಿ, ಕಾಲು ತೊಳೆದುಕೊಂಡು ಒಳಗೆ ಬಂದರೆ ಕೆಂಪತ್ತೆ ಕತೆಗೆ ಕೂತಿರುತ್ತಿದ್ದಳು.

ಕೆಂಪತ್ತೆ ಅಪ್ಪನ ಕೊನೆಯ ತಂಗಿ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ನಮ್ಮ ಮನೆಯ ಹುಳವೆಲ್ಲ ಅವಳ ಕೈಯಲ್ಲೇ ಬೆಳೆಯುತ್ತಿತ್ತು. ಹುಳ ಮೇಯುವ ಬಿದಿರು ತಟ್ಟೆಯ ಮೇಲೆ ಒಂದು ಸಲ ಕಣ್ಣಾಡಿಸಿದರೆ ಯಾವ ಹುಳಕ್ಕೆ ರೋಗ, ಯಾವುದಕ್ಕೆ ಹಸಿವು ಎಂದು ಹೇಳಿಬಿಡುತ್ತಿದ್ದಳು. ಸೊಪ್ಪು ಕೊಯ್ಯುವುದು, ಹೆಚ್ಚುವುದು, ಹಾಕುವುದು, ಕಸ ತೆಗೆಯುವುದು, ಇಷ್ಟರ ನಡುವೆ ಅವಳಿಗೆ ಬಿಡುವು ಸಿಗುತ್ತಿದ್ದುದು ಜ್ವರದ ದಿನ ಮಾತ್ರ. ಹಾಗಾಗಿ ಒಂದು ಬೆಳೆಗೆ ಒಂದೇ ಕತೆ, ನಾಲ್ಕು ಜ್ವರಕ್ಕೆ ನಾಲ್ಕು ಕಂತು. ನಾಲ್ಕನೇ ಜ್ವರಕ್ಕೆ ಕತೆ ಮುಗಿಯಲೇಬೇಕು. ಯಾಕೆಂದರೆ ಅದಾದ ಮೇಲೆ ಹುಳ ರಾಕ್ಷಸನ ಹಾಗೆ ತಿನ್ನುತ್ತದೆ, ಮನೆಯವರಿಗೆ ಕೂತು ಉಣ್ಣಲೂ ಪುರುಸೊತ್ತಿರುವುದಿಲ್ಲ.

ಆ ಸಲದ ಬೆಳೆಗೆ ಮುಂಚೆ ಅತ್ತೆಗೆ ಮಾಗಡಿ ಕಡೆ ಗುಡೇಮಾರನಹಳ್ಳಿಯಲ್ಲಿ ಗಂಡು ಗೊತ್ತಾಗಿತ್ತು. ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗಿ ಬಂದ ಮೇಲೆ ಮದುವೆ ಎಂದು ಮಾತಾಗಿತ್ತು. ಅಂದರೆ ಅದು ನನಗೆ ಅವಳ ಕೊನೆಯ ಕತೆ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಮೊದಲ ಜ್ವರದ ದಿನ ಶುರುಮಾಡಿದಳು. ಬೆಟ್ಟದ ಬುಡದಲ್ಲಿ ಒಂದು ಮನೆ, ಆ ಮನೆಯಲ್ಲಿ ನಲವತ್ತು ತಟ್ಟೆ ಹುಳ. ಸಾಯಂಕಾಲ ಎಣಿಸಿ ಕದ ಹಾಕಿದರೆ ನಲವತ್ತು, ಬೆಳಿಗ್ಗೆ ಕದ ತೆಗೆದರೆ ನಲವತ್ತೊಂದು.

"ಯಾರಿಟ್ರತ್ತೆ?"

"ಆ ಮನೆಯೋರೂ ಅದ್ನೇ ಕೇಳ್ಕಂಡ್ರು. ಇಟ್ಟೋರು ಯಾರೂ ಇಲ್ಲ."

"ಎತ್ತಿ ಬಿಸಾಕ್ಬೇಕಿತ್ತು."

"ಉಳ ಕಣಮ್ಮಿ. ಬಾಯಿರೋ ಉಳನ ಯಾರಾದ್ರೂ ಬಿಸಾಕ್ತಾರಾ? ಅದುಕ್ಕೂ ಸೊಪ್ಪಾಕುದ್ರು."

ಅಷ್ಟೇ ಹೇಳಿ ನನ್ನನ್ನೇ ಒಂದು ಗಳಿಗೆ ನೋಡಿ ಎದ್ದುಹೋದಳು. ಎರಡನೇ ಜ್ವರಕ್ಕೆ ಇನ್ನೊಂದು ವಿಷಯ ಗೊತ್ತಾಯಿತು. ಆ ಹೆಚ್ಚಿನ ತಟ್ಟೆಯ ಹುಳ ಸೊಪ್ಪು ತಿನ್ನುತ್ತದೆ, ಆದರೆ ಸದ್ದಿಲ್ಲ. ತಟ್ಟೆಗೆ ಕಿವಿಯಿಟ್ಟು ಆಲಿಸಿದರೂ ಏನೂ ಕೇಳದು. ಸೊಪ್ಪು ಮಾತ್ರ ಖಾಲಿಯಾಗುತ್ತಲೇ ಇರುತ್ತದೆ. ಅವಳು ಹೇಳುತ್ತಿದ್ದುದು ನಮ್ಮದೇ ತಟ್ಟೆಗಳ ನಡುವೆ ಕೂತು, ಅವೂ ಆಗ ಸದ್ದಿಲ್ಲದೆ ಕೂತಿದ್ದವು.

ಮೂರನೇ ಜ್ವರದ ಕಂತು ಎಲ್ಲಕ್ಕಿಂತ ಕೆಟ್ಟದ್ದು, ಎಲ್ಲಕ್ಕಿಂತ ಒಳ್ಳೆಯದು. ನಲವತ್ತು ತಟ್ಟೆಯೂ ಜ್ವರಕ್ಕೆ ಕೂತವು. ನಲವತ್ತೊಂದನೆಯದು ಕೂರಲಿಲ್ಲ, ತಿನ್ನುತ್ತಲೇ ಇತ್ತು. ಆವತ್ತು ಮಧ್ಯಾಹ್ನ ಆ ಮನೆಯಾಕೆ ಊಟಕ್ಕೆಂದು ಏಳು ಗಂಗಳ ತೊಳೆದು ಹಾಕಿದಳು. ಬಂದು ಕೂತವರು ಆರೇ ಜನ.

"ಇನ್ನೊಂದು ಯಾರ್ದು?" ಎಂದು ಅತ್ತೆಯ ಹತ್ತಿರ ಸರಿದೆ.

"ಅದೇ ಕಣಮ್ಮಿ ಯಾರ್ಗೂ ಗೊತ್ತಾಯ್ನಿಲ್ಲ. ಒಬ್ಬರ ಮೊಕ ಒಬ್ರು ನೋಡ್ಕಂಡ್ರು. ನಾವು ಆರೇ ಅಲ್ವಾ ಇದ್ದುದ್ದು ಅಂದ್ರು." ಅತ್ತೆ ದನಿ ತಗ್ಗಿಸಿದಳು. "ಸಣ್ಣ ಗಂಗಳ ಅದು. ಮಗೀನ್ ಗಂಗಳ. ಅದನ್ ನೋಡ್ತಾ ನೋಡ್ತಾ ಆ ತಾಯಿಗೆ ಕಣ್ಣಲ್ಲಿ ನೀರು ಬಂದ್ಬುಡ್ತು. ಯಾಕೆ ಅಂತ ಅವಳ್ಗೇ ಗೊತ್ತಿಲ್ಲ."

ನಾನು ಎದ್ದು ಓಡಿ ಹಿತ್ತಲಲ್ಲಿ ಆಡುತ್ತಿದ್ದ ತಂಗಿ, ತಮ್ಮ ಇಬ್ಬರನ್ನೂ ಮುಟ್ಟಿ ನೋಡಿದೆ. ಊಟಕ್ಕೆ ಕೂತಾಗಲೆಲ್ಲ ಎಲ್ಲರನ್ನೂ ಎಣಿಸಿಯೇ ಮುದ್ದೆಗೆ ಕೈ ಹಾಕುತ್ತಿದ್ದೆ. "ಈ ಮುಂಡೇದುಕ್ಕೆ ಏನಾಗೈತೆ, ಉಣ್ಣೋ ಮುಂಚೆ ಜನ ಎಣಿಸ್ತದಲ್ಲ" ಎಂದು ಅಜ್ಜಿ ಬೈಯುತ್ತಿದ್ದಳು. ಆದರೂ ನಾಲ್ಕನೇ ಜ್ವರ ಯಾವಾಗ ಬರುತ್ತದೋ ಎಂದು ತಟ್ಟೆ ತಟ್ಟೆ ಇಣುಕಿ ನೋಡುತ್ತಿದ್ದೆ. ಹೆದರಿಕೆಗೆ ಅಷ್ಟು ಆಸೆಪಟ್ಟದ್ದು ಅದೇ ಮೊದಲು, ಅದೇ ಕೊನೆ.

ಆ ನಡುವೆ ಅಪ್ಪ ಚಂದ್ರಂಕಿ ಬಾಡಿಗೆಗೆ ಗೊತ್ತುಮಾಡಲು ಕನಕಪುರಕ್ಕೆ ಹೋದ. ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ ಅದು. ಬರುವಾಗ ಬಸ್ ಸ್ಟ್ಯಾಂಡಿನ ಅಂಗಡಿಯಿಂದ ನನಗೊಂದು ಪುಸ್ತಕ ತಂದ. "ಓದೋ ಮಗ ಐತೆ, ಒಂದೊಳ್ಳೆ ಪುಸ್ತಕ ಕೊಡಪ್ಪ ಅಂದೆ. ಎಲ್ರೂ ಇದ್ನೇ ತಗೊಂಡೋಯ್ತಾರೆ ಅಂದ" ಎಂದು ಕೈಗಿಟ್ಟ. ಅಪ್ಪನಿಗೆ ಓದು ಬಾರದು. ಮುಖಪುಟದ ಮೇಲೆ ತಲೆಬುರುಡೆ, ಅದರ ಕಣ್ಣಿನಿಂದ ರಕ್ತ. ನಮ್ಮ ಮನೆಗೆ ಬಂದ ಮೊದಲ ಕತೆ ಪುಸ್ತಕ ಅದು. ನನಗೆ ಕೊಂಬು ಬಂದವು.

ನಾಲ್ಕನೇ ಜ್ವರ ಬಂತು. ಮಧ್ಯಾಹ್ನ ಊಟವಾದ ಮೇಲೆ ಹುಳದ ಮನೆಯ ಬಾಗಿಲ ಬಳಿ ಅವ್ವ, ಅಜ್ಜಿ, ಕೆಂಪತ್ತೆ ಕೂತರು. ಅತ್ತೆ ಸೆರಗು ಸರಿಮಾಡಿಕೊಂಡು, "ಎಲ್ಲಿಗೆ ನಿಲ್ಸಿದ್ದೆ ಅಮ್ಮಿ?" ಎಂದಳು. ನಾನು ಬೆನ್ನ ಹಿಂದಿನಿಂದ ಪುಸ್ತಕ ತೆಗೆದೆ. ನಾನು ಓದಿದವಳು ಎಂದು ತೋರಿಸಬೇಕಿತ್ತಲ್ಲ.

"ನಿನ್ ಕತೇಲಿ ಒಂದು ಕೊಲೆನೂ ಇಲ್ವಲ್ಲತ್ತೆ. ಇದ್ರಲ್ಲಿ ಇಪ್ಪತ್ತು ಪೇಜಿಗೇ ಮೂರು ಕೊಲೆ ಆಯ್ತವೆ."

ಅತ್ತೆ ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. "ಅಂಗಾರೆ ಅದ್ನೇ ಓದು ಮತ್ತೆ, ಕೇಳಾನ" ಎಂದು ಗೋಡೆಗೆ ಒರಗಿದಳು.

ಓದಿದೆ. ಮಂತ್ರವಾದಿ, ಸ್ಮಶಾನ, ಅಮಾವಾಸ್ಯೆ, ಬಲಿ. ದನಿ ಏರಿಸಿ ಇಳಿಸಿ ಓದಿದೆ. ಸ್ವಲ್ಪ ಹೊತ್ತಿಗೆ ಅಜ್ಜಿ, "ಆ ಮಂತ್ರವಾದಿ ಒಟ್ಟೆಗೇನ್ ಮಾಡ್ಕತಾನೆ? ಒಲ ಗಿಲ ಐತಾ?" ಎಂದು ಕೇಳಿದಳು. ನನಗೆ ರೇಗಿತು. ಇನ್ನೂ ನಾಲ್ಕು ಹೆಣ ಬಿದ್ದ ಮೇಲೆ ಅವ್ವ, "ಇಷ್ಟು ಜನ ಸತ್ರಲ್ಲ, ಒಬ್ರುಗಾದ್ರೂ ಅಳೋರು ಇಲ್ವಾ?" ಎಂದಳು. ನಾನು ಪುಟ ತಿರುವಿ ಹುಡುಕಿದೆ. ಅಳುವವರು ಯಾರೂ ಇರಲಿಲ್ಲ. ಆದರೂ ಹಟಕ್ಕೆ ಬಿದ್ದು ಕೊನೆಯ ಪುಟದವರೆಗೆ ಓದಿದೆ. ಸಿಡಿಲು ಬಡಿದು ಮಂತ್ರವಾದಿ ಸತ್ತ, ಪುಸ್ತಕ ಮುಗಿಯಿತು. ಅಷ್ಟೇನಾ ಎಂದು ನನಗೇ ಅನಿಸಿತು. ಯಾರೋ ಮೋಸ ಮಾಡಿದ ಹಾಗಾಗಿ ಅಳು ಬಂತು.

ತಲೆಯೆತ್ತಿದೆ. ಅಜ್ಜಿ ತೂಕಡಿಸುತ್ತಿದ್ದಳು. ಅತ್ತೆ ಆಗಲೇ ಎದ್ದು ತಟ್ಟೆಗಳ ಮೇಲೆ ಬಗ್ಗಿದ್ದಳು.

"ಈಗ ನಿಂದು ಯೋಳತ್ತೆ" ಎಂದೆ.

"ಜ್ವರ ಬುಡ್ತು ಕಣಮ್ಮಿ. ಉಳ ಎದ್ಬುಟ್ಟವೆ. ಸೊಪ್ಪಾಕ್ಬೇಕು."

ನೋಡಿದರೆ ಹುಳಗಳು ಹಳೇ ಪೊರೆ ಬಿಟ್ಟು, ಬಿಳಿಚಿಕೊಂಡು, ಬಾಯಾಡಿಸಲು ಸೊಪ್ಪು ಹುಡುಕುತ್ತಿದ್ದವು. ಒಸಿ ಹೊತ್ತಿಗೆಲ್ಲ ಮನೆ ತುಂಬ ಮತ್ತೆ ಆ ಮಳೆ ಸದ್ದು. ಅಲ್ಲಿಂದ ಮುಂದಿನ ದಿನಗಳು ಸೊಪ್ಪು ಹೊರುವುದರಲ್ಲೇ ಹೋದವು. ನಾನು ಅತ್ತೆಯ ಹಿಂದೆ ಹಿಂದೆ ತಿರುಗಿದೆ, ತೋಟದಲ್ಲಿ ಕೇಳಿದೆ, ಬಾವಿಯ ಹತ್ತಿರ ಕೇಳಿದೆ. "ಪುರುಸೊತ್ತಾಗ್ಲಿ ತಡಿಯೇ" ಎನ್ನುತ್ತಿದ್ದಳು. ಹುಳ ಹಣ್ಣಾದವು, ಚಂದ್ರಂಕಿಗೆ ಹತ್ತಿದವು, ಗೂಡಾದವು. ಗೂಡು ರಾಮನಗರಕ್ಕೆ ಹೋಯಿತು. ಮದುವೆಯೂ ಆಯಿತು.

ಟೆಂಪೋ ಹತ್ತುವಾಗ ಅವಳ ಸೀರೆ ಹಿಡಿದು, "ಆ ಗಂಗಳ ಯಾರ್ದು ಅಂತಾನಾದ್ರೂ ಯೋಳತ್ತೆ" ಎಂದು ಅಳತೊಡಗಿದೆ. ಎಲ್ಲರೂ ತವರು ಬಿಡುವ ಸಂಕಟಕ್ಕೆ ಅಳುತ್ತಿದ್ದರೆ ನಾನು ಕತೆಗೆ ಅಳುತ್ತಿದ್ದೆ. "ಮುಂದಿನ ಬೆಳೆಗೆ ಬತ್ತೀನಲ್ಲ, ಆವಾಗ ಯೋಳ್ತೀನಿ" ಎಂದಳು. ಬರಲಿಲ್ಲ. ಅಲ್ಲೂ ಹುಳದ ಮನೆ, ಅಲ್ಲೂ ಅವಳದೇ ಕೈ. ಕೆಲವು ದಿನ ಅವ್ವ ಊಟಕ್ಕೆ ಅಭ್ಯಾಸಬಲದಿಂದ ಒಂದು ಗಂಗಳ ಹೆಚ್ಚು ತೆಗೆದು, ಮತ್ತೆ ಒಳಗಿಡುತ್ತಿದ್ದಳು. ಅದನ್ನು ಮೊದಲ ಸಲ ಕಂಡಾಗ ನನಗಾದ ಹೆದರಿಕೆಯನ್ನು ಯಾವ ಪುಸ್ತಕವೂ ಆಮೇಲೆ ನನಗೆ ಕೊಟ್ಟಿಲ್ಲ.

ಕೊಡಲೆಂದು ಎಷ್ಟು ಓದಿದೆ! ಬಾಡಿಗೆ ಲೈಬ್ರರಿಯ ಪತ್ತೇದಾರಿ ದೆವ್ವಗಳು, ವಾರಪತ್ರಿಕೆಯ ಧಾರಾವಾಹಿ ಮೋಹಿನಿಯರು, ಈಗಿನ ಈ ಕರಿ ಕೋಟೆಗಳು. ಒಂದರಲ್ಲಾದರೂ ಆ ನಲವತ್ತೊಂದನೇ ತಟ್ಟೆ ಸಿಕ್ಕೀತೆಂಬ ಆಸೆ. ಎಲ್ಲದರಲ್ಲೂ ಕತ್ತಲೆ ಧಾರಾಳವಾಗಿದೆ, ರಕ್ತಕ್ಕೆ ಬರವಿಲ್ಲ. ಸತ್ತವನು ಯಾರ ಮಗ, ಅವನಿಗೆ ಯಾವ ಸಾರು ಇಷ್ಟ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಗೊತ್ತಿಲ್ಲದವರಿಗೋಸ್ಕರ ನಾನು ಹೇಗೆ ಹೆದರಲಿ?

ಮೊನ್ನೆ ಕೆಂಪತ್ತೆಯ ಮೊಮ್ಮಗಳಿಗೆ ಹೆಸರಿಡುವ ಶಾಸ್ತ್ರಕ್ಕೆ ಗುಡೇಮಾರನಹಳ್ಳಿಗೆ ಹೋಗಿದ್ದೆ. ಅತ್ತೆಯ ಹಲ್ಲು ಹೋಗಿದೆ, ನಗು ಹೋಗಿಲ್ಲ. ಅವರ ಮನೆಯಲ್ಲಿ ಹುಳ ಬಿಟ್ಟು ಎಷ್ಟೋ ವರ್ಷವಾಗಿದೆ. ಊಟವಾದ ಮೇಲೆ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಾಗ, ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ.

"ಅತ್ತೆ, ಆ ಕತೆ ಕೊನೆಗೆ ಏನಾಯ್ತು?"

ಅವಳಿಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಕ್ಕಳು.

"ಕೊನೆ ಎಲ್ಲಿತ್ತವ್ವ? ನಾನೇನು ಓದ್ಕಂಡಿದ್ನಾ? ನಿನ್ ಮೊಕ ನೋಡ್ಕಂಡು ಯೋಳ್ತಿದ್ದೆ. ನೀನು ಯಾವುದಕ್ಕೆ ಕಣ್ಣಗಲಿಸ್ತೀಯೋ ಆ ದಾರಿ ಇಡ್ಕತಿದ್ದೆ."

"ನಾಕ್ನೇ ಜ್ವರದಲ್ಲೂ ಯೋಳಬೋದಿತ್ತಲ್ಲ?"

"ಅವತ್ತೆಲ್ಲ ನೀನು ಬುಕ್ಕಲ್ಲೇ ಮೊಕ ಆಕ್ಕಂಡು ಕುಂತಿದ್ದೆ. ನಂಗೆ ನಿನ್ ಮೊಕ ಕಾಣ್ನಿಲ್ಲ."

ಅವಳು ಅದನ್ನು ದೂರಿನಂತೆ ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಇಷ್ಟು ವರ್ಷ ನಾನು ಕತೆಯ ಕೊನೆಯನ್ನು ಎಲ್ಲೆಲ್ಲೋ ಹುಡುಕಿದ್ದೆ.

"ಸರಿ, ಈಗ ಯೋಳು. ನೋಡು, ಪುಸ್ತಕ ಇಲ್ಲ" ಎಂದು ಅವಳ ಎದುರಿಗೆ ತಿರುಗಿ ಕೂತೆ.

ಕೆಂಪತ್ತೆ ಕನ್ನಡಕ ಸರಿಮಾಡಿಕೊಂಡು ನನ್ನ ಮುಖವನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ನಾನು ಕಣ್ಣಗಲಿಸಲು ನೋಡಿದೆ ಕೂಡ. ಕೊನೆಗೆ ಅವಳು ನನ್ನ ಕೆನ್ನೆ ಸವರಿ, "ಈಗ ಆಗಕಿಲ್ಲ ಕಣವ್ವ. ನಿನ್ ಮೊಕದಲ್ಲಿ ಈಗ ಎದ್ರಿಕೆನೇ ಇಲ್ಲ. ಎಲ್ಲಾನೂ ಕಂಡ್ಬುಟ್ಟಿದೀಯ" ಎಂದಳು.